ಹೆಲ್ಮೆಟ್ ವಿಷಯ ಕೇಳಿದ್ದಿಯಲ್ಲ ತಂಗೀ

ತಂಗೀ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದ್ದೆ. ಶಾಲೆಯಲ್ಲಿ ಮಾತಾಡ್ಲಿಕ್ಕೆ ಆಗ್ಲಿಲ್ಲ. ಈಗ ಮಗಳು ಮಲಗಿದ ಮೇಲೆ ಜಗಲಿಗೆ ಬಂದು ಕೂತಿದ್ದೇನೆ. ಬರೆಯುವ ಬದಲು ಮಾತಾಡಿಯೇ ಕಳಿಸ್ತೇನೆ, ಹೊರಗೆ ಮಳೆ, ಸದ್ದು ಸ್ವಲ್ಪ ಬಂದೀತು. ಉದ್ದ ಆಗ್ತದೆ, ಪುಟ್ಟನಿಗೆ ಹಾಲು ಕೊಡುವಾಗ ಕೇಳು. ನಿನಗೊಬ್ಬಳಿಗೇ ಕಳಿಸಬಹುದಿತ್ತು, ಆದ್ರೆ ನಮ್ಮ ಮನೆಯವರ ಗುಂಪಿನಲ್ಲಿ ಬೆಳಿಗ್ಗೆಯಿಂದ ಎಲ್ಲರೂ ಒಂದೊಂದು ಹೇಳಿದ್ದಾರಲ್ಲ, ಹಾಗೆ ಎಲ್ಲರೂ ಕೇಳಲಿ ಅಂತ ಇಲ್ಲೇ ಹೇಳ್ತೇನೆ.

ನೀನು ಕೇಳಿದ್ದು ಇಷ್ಟು. ಪುಟ್ಟನಿಗೆ ಐದೂವರೆ ತಿಂಗಳು, ತಲೆಯ ಹಿಂದೆ ಬಲಬದಿ ಚಪ್ಪಟೆಯಾಗಿದೆ, ಡಾಕ್ಟ್ರು ತಲೆಯ ಆಕಾರ ಸರಿಯಾಗ್ಲಿಕ್ಕೆ ಮಕ್ಕಳಿಗೆ ಹಾಕುವ ಹೆಲ್ಮೆಟ್ ಹಾಕಿಸಿ ಅಂದ್ರು, ಎಂತ ಮಾಡುದು ಅಕ್ಕ. ಅದಕ್ಕೆ ಭಾವ ಬರೆದ್ರು, ಅಕ್ಕನ ಮಗಳದ್ದು ಉಂಟಲ್ಲ, ಅದನ್ನೇ ಹಾಕಿದ್ರಾಯ್ತು ಅಂತ. ದೊಡ್ಡಮ್ಮ ಸಾಸಿವೆ ದಿಂಬು ಮಾಡಿ ಕೊಡ್ತೇನೆ ಅಂದ್ರು. ಮಾವ ಪಾಪದ ಮಗುವಿಗೆ ಯಾಕೆ ಹಿಂಸೆ, ಎರಡು ವರ್ಷ ಆಗುವಾಗ ತನ್ನಷ್ಟಕ್ಕೆ ಸರಿಯಾಗ್ತದೆ ಅಂದ್ರು.

ಭಾವಾ, ಮೊದಲು ನಿಮಗೇ ಹೇಳ್ತೇನೆ. ಮಗಳ ಹೆಲ್ಮೆಟ್ ಅಟ್ಟದಲ್ಲಿ ಜೋಪಾನವಾಗಿ ಉಂಟು, ಆದ್ರೆ ಅದನ್ನು ನಾನು ಕೊಡುವುದಿಲ್ಲ. ದುಡ್ಡಿನ ಪ್ರಶ್ನೆ ಅಲ್ಲ. ಅದು ಅವಳ ತಲೆಯ ಅಳತೆಗೆ ಮಾಡಿದ್ದು, ಇನ್ನೊಂದು ಮಗುವಿಗೆ ಆಗುವುದಿಲ್ಲ. ಅದು ತಲೆಯನ್ನು ಒತ್ತಿ ಸರಿ ಮಾಡುವ ಸಾಮಾನು ಅಲ್ಲವೇ ಅಲ್ಲ. ಉಬ್ಬಿದ ಕಡೆ ಸುಮ್ಮನೆ ತಾಗಿ ನಿಲ್ತದೆ, ಚಪ್ಪಟೆಯಾದ ಕಡೆ ಒಳಗೆ ಜಾಗ ಬಿಟ್ಟಿರ್ತಾರೆ. ತಲೆ ಬೆಳೆಯುವಾಗ ಆ ಖಾಲಿ ಜಾಗಕ್ಕೆ ಬೆಳೀತದೆ, ಅಷ್ಟೇ. ನಮ್ಮ ಬೇಲಿ ಸಂದಿಯಲ್ಲಿ ಸಿಕ್ಕಿಕೊಂಡ ಸೌತೆಕಾಯಿ ಸಂದಿಯ ಆಕಾರಕ್ಕೇ ಬರ್ತದಲ್ಲ, ಹಾಗೆ. ನನ್ನ ಮಗಳಿಗೆ ಎಡಬದಿ ಚಪ್ಪಟೆ ಇತ್ತು, ಪುಟ್ಟನಿಗೆ ಬಲಬದಿ. ಅವಳದ್ದನ್ನು ಇವನಿಗೆ ಹಾಕಿದ್ರೆ ಎಲ್ಲಿ ಬೆಳೀಬೇಕೋ ಅಲ್ಲಿಗೇ ತಡೆ ಆಗ್ತದೆ.

ಬೆಳವಣಿಗೆಯೇ ಇದರಲ್ಲಿ ಮುಖ್ಯ. ಮೂರರಿಂದ ಆರು ತಿಂಗಳವರೆಗೆ ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೀತದೆ, ಆಮೇಲೆ ಅರ್ಧ ಸೆಂಟಿಮೀಟರ್. ಹಾಗಾಗಿ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ಒಳಗೆ ಸುರು ಮಾಡ್ತಾರೆ, ವರ್ಷ ಕಳೆದ ಮೇಲೆ ಹಾಕಿದ್ರೆ ದೊಡ್ಡ ಪ್ರಯೋಜನ ಇಲ್ಲ. ಮಾವ ಹೇಳಿದ ಹಾಗೆ ಎರಡು ವರ್ಷ ಕಾದು ನೋಡಿ ಆಮೇಲೆ ಹಾಕುವ ಅನ್ನುವುದು ಇದರಲ್ಲಿ ಇಲ್ಲ.

ಹಾಗಂತ ನಾಳೆಯೇ ಹೋಗಿ ಅಡ್ವಾನ್ಸ್ ಕೊಡಬೇಡ ತಂಗೀ. ನಾನು ಹೇಳ್ಬೇಕು ಅಂತ ಕೂತದ್ದೇ ಇದನ್ನು. ಮೊದಲು ಕುತ್ತಿಗೆ ನೋಡಿಸು.

ನನ್ನ ಮಗಳಿಗೆ ಎರಡು ತಿಂಗಳು ಆಗಿದ್ದಾಗಲೇ ನನಗೆ ಗೊತ್ತಾಗಬೇಕಿತ್ತು. ಒಂದು ಬದಿಯ ಮೊಲೆ ಕುಡೀತಿದ್ಲು, ಇನ್ನೊಂದಕ್ಕೆ ಹಿಡಿದ್ರೆ ಬೊಬ್ಬೆ. ನನಗೆ ಹಾಲು ಕಮ್ಮಿ ಅಂತ ಎಲ್ಲರೂ ಹೇಳಿದ್ರು, ನಾನೂ ನಂಬಿದೆ. ಆಮೇಲೆ ಫೋನಿನಲ್ಲಿ ಹಳೆ ಫೋಟೋ ತೆಗೆದು ನೋಡಿದ್ರೆ, ತೊಟ್ಟಿಲಿಗೆ ಹಾಕಿದ ದಿನದಿಂದ ಎಲ್ಲದರಲ್ಲೂ ಎಡಕ್ಕೇ ಮುಖ. ಒಂದೂ ಬಲಕ್ಕೆ ಇಲ್ಲ. ಕುತ್ತಿಗೆಯ ಒಂದು ಬದಿಯ ಸ್ನಾಯು ಗಟ್ಟಿಯಾಗಿ, ಹಗ್ಗದ ಹಾಗೆ ಕೈಗೆ ಸಿಗ್ತಿತ್ತು. ಟಾರ್ಟಿಕೊಲಿಸ್ ಅಂತ ಚೀಟಿಯಲ್ಲಿ ಬರೆದ್ರು. ನಾವು ಮೊದಲು ತೋರಿಸಿದಲ್ಲಿ ತಲೆ ನೋಡಿ ಸರಿಯಾಗ್ತದೆ ಅಂದ್ರು, ಕುತ್ತಿಗೆ ಮುಟ್ಟಿ ಸಹ ನೋಡ್ಲಿಲ್ಲ. ಅದರಲ್ಲಿ ಎರಡು ತಿಂಗಳು ಹೋಯ್ತು. ಆ ಎರಡು ತಿಂಗಳಿನ ಬೇಸರ ನನಗೆ ಇನ್ನೂ ಹೋಗಿಲ್ಲ, ಅದಕ್ಕೇ ನಿನಗೆ ಇಷ್ಟು ಒತ್ತಿ ಹೇಳುವುದು.

ಕುತ್ತಿಗೆ ಬಿಗಿ ಇದ್ರೆ ಮಗು ಒಂದೇ ಕಡೆ ತಲೆ ಇಟ್ಟು ಮಲಗ್ತದೆ, ಅದೇ ಕಡೆ ಚಪ್ಪಟೆ ಆಗ್ತದೆ. ಅದನ್ನು ಬಿಟ್ಟು ಹೆಲ್ಮೆಟ್ ಮಾತ್ರ ಹಾಕಿದ್ರೆ ಮನೆಯ ಮಾಡು ಸೋರುವಾಗ ನೆಲ ಒರೆಸಿದ ಹಾಗೆ. ಪುಟ್ಟ ಎರಡೂ ಕಡೆ ಸಮ ತಿರುಗ್ತಾನಾ ನೋಡು. ನೀನು ಕೂತ ಜಾಗ ಬಿಟ್ಟು ಇನ್ನೊಂದು ಬದಿಗೆ ಹೋಗಿ ಕರಿ, ಗದ್ದ ಭುಜದವರೆಗೆ ಬರ್ತದಾ ನೋಡು. ಫಿಸಿಯೋಥೆರಪಿಯವರು ಕೈ ಹಿಡಿದು ಕಲಿಸಿಕೊಡ್ತಾರೆ, ಪ್ರತಿ ಸಲ ಬಟ್ಟೆ ಬದಲಿಸುವಾಗ ಮಾಡುವಂತಹ ವ್ಯಾಯಾಮ. ವೀಡಿಯೋ ನೋಡಿ ನೀನೇ ಕುತ್ತಿಗೆ ತಿರುಗಿಸ್ಲಿಕ್ಕೆ ಹೋಗಬೇಡ.

ಇನ್ನೊಂದು, ತಲೆಯ ಎಲುಬಿನ ಹೊಲಿಗೆಗಳು, ಅಂದ್ರೆ ಎಲುಬುಗಳ ನಡುವಿನ ಸಂದುಗಳು, ಬೇಗ ಕೂಡಿಕೊಂಡಿಲ್ಲ ಅಂತ ಡಾಕ್ಟ್ರು ಖಚಿತ ಮಾಡಿದ್ದಾರಾ ಕೇಳು. ಹಾಗೆ ಕೂಡಿಕೊಂಡಿದ್ರೆ ಅದು ಬೇರೆಯೇ ವಿಷಯ, ಆಪರೇಷನ್ ಬೇಕಾಗ್ತದೆ, ಬರೀ ಹೆಲ್ಮೆಟ್ ಸಾಕಾಗುವುದಿಲ್ಲ. ಮಲಗಿ ಆದ ಚಪ್ಪಟೆಯಾದ್ರೆ ಸಾಮಾನ್ಯವಾಗಿ ಆ ಬದಿಯ ಕಿವಿ ಮುಂದಕ್ಕೆ ಬಂದಿರ್ತದೆ, ಆ ಬದಿಯ ಹಣೆಯೂ ಸ್ವಲ್ಪ ಮುಂದೆ. ಸ್ನಾನ ಮಾಡಿಸುವಾಗ ಮೇಲಿಂದ ನೋಡು. ಆದ್ರೆ ಹೇಳಬೇಕಾದವರು ಡಾಕ್ಟ್ರೇ.

ದೊಡ್ಡಮ್ಮಾ, ನೀವು ಎಷ್ಟು ಪ್ರೀತಿಯಿಂದ ಹೇಳಿದ್ದು ಅಂತ ನನಗೆ ಗೊತ್ತುಂಟು. ನಮ್ಮನ್ನೆಲ್ಲ ಮಡಿಲಲ್ಲಿ ಹಾಕಿ ಮೀಯಿಸಿದ ಕೈ ನಿಮ್ಮದು. ಆದ್ರೆ ಮಲಗುವ ಮಗುವಿನ ತಲೆಯಡಿಗೆ ಸಾಸಿವೆ ದಿಂಬು ಬೇಡ, ಯಾವ ದಿಂಬೂ ಬೇಡ. ಉಸಿರು ಕಟ್ಟುವ ಭಯ ಉಂಟು. ಕವಚಿ ಮಲಗಿಸಿದ್ರೆ ಚಪ್ಪಟೆ ಆಗುವುದಿಲ್ಲ ಅಂತಲೂ ಯಾರೋ ಬರೆದಿದ್ರು. ಅದು ಖಂಡಿತ ಬೇಡ. ಮಕ್ಕಳನ್ನು ಕವಚಿ ಮಲಗಿಸಬಾರದು ಅಂತ ಅಮೆರಿಕದ ಮಕ್ಕಳ ಡಾಕ್ಟ್ರುಗಳ ಸಂಘ ಹೇಳಿದ್ದು 1992ರಲ್ಲಿ, 1994ರಲ್ಲಿ ದೊಡ್ಡ ಪ್ರಚಾರ ಮಾಡಿದ್ರು. ನಿದ್ರೆಯಲ್ಲೇ ಕಾರಣ ಗೊತ್ತಾಗದೆ ಹೋಗಿಬಿಡುತ್ತಿದ್ದ ಮಕ್ಕಳ ಸಂಖ್ಯೆ ಅಲ್ಲಿ ಆಮೇಲೆ ಅರ್ಧಕ್ಕಿಂತಲೂ ಕಮ್ಮಿ ಆಯ್ತು. ಅದರ ಜೊತೆಗೆ ತಲೆ ಚಪ್ಪಟೆಯಾಗುವುದು ಜಾಸ್ತಿ ಆಯ್ತು, ನಿಜ. ಆದ್ರೆ ಚಪ್ಪಟೆ ತಲೆಗೆ ದಾರಿ ಉಂಟು ದೊಡ್ಡಮ್ಮ. ರಾತ್ರಿ ಅಂಗಾತವೇ. ಹಗಲು ಎಚ್ಚರ ಇರುವಾಗ, ನಾವು ಎದುರು ಕೂತು ಚಾಪೆಯಲ್ಲಿ ಕವಚಿ ಹಾಕುವ, ಎಷ್ಟು ಹೊತ್ತು ಮಗು ತಡೀತದೋ ಅಷ್ಟು.

ಚಿಕ್ಕಮ್ಮ ನನಗೆ ಬೇರೆಯಾಗಿ ಫೋನ್ ಮಾಡಿ ಅತ್ರು. ನಾನು ಸರಿಯಾಗಿ ತಲೆ ಒತ್ತಿ ಉರುಟು ಮಾಡಿಸ್ಲಿಲ್ಲ, ಮೀಯಿಸುವವಳನ್ನು ಹದಿನೈದು ದಿನಕ್ಕೇ ಬಿಡಿಸಿದೆ, ಅದಕ್ಕೇ ಹೀಗಾಯ್ತು ಅಂತ. ಚಿಕ್ಕಮ್ಮ, ಇಲ್ಲಪ್ಪ. ಕೈಯಲ್ಲಿ ಒತ್ತಿದ್ರೆ ಎಲುಬು ತಿರುಗುವುದಿಲ್ಲ, ಮತ್ತೆ ಹಾಗೆ ಒತ್ತುವುದು ಒಳ್ಳೇದೂ ಅಲ್ಲ. ನಿಮ್ಮ ತಪ್ಪೂ ಅಲ್ಲ, ತಂಗಿಯ ತಪ್ಪೂ ಅಲ್ಲ.

ಈಗ ಹೆಲ್ಮೆಟ್ ಬೇಕಾ ಅನ್ನುವುದಕ್ಕೆ ಬರ್ತೇನೆ. ಇದರಲ್ಲಿ ಡಾಕ್ಟ್ರುಗಳಿಗೇ ಒಮ್ಮತ ಇಲ್ಲ, ಅದನ್ನು ಮುಚ್ಚಿಟ್ಟು ನಿನಗೆ ಹೇಳ್ಲಿಕ್ಕೆ ನನಗೆ ಮನಸ್ಸಿಲ್ಲ. ನೆದರ್ಲೆಂಡಿನಲ್ಲಿ 84 ಮಕ್ಕಳ ಮೇಲೆ ಒಂದು ಪರೀಕ್ಷೆ ಆಗಿ 2014ರಲ್ಲಿ ಪ್ರಕಟ ಆಯ್ತು. ಎರಡು ವರ್ಷ ಆಗುವಾಗ ಪೂರ್ತಿ ಸರಿಯಾದದ್ದು ಹೆಲ್ಮೆಟ್ ಹಾಕಿದವರಲ್ಲಿ ನೂರಕ್ಕೆ 26, ಹಾಕದವರಲ್ಲಿ 23. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಆದ್ರೆ ಕುತ್ತಿಗೆ ಬಿಗಿ ಇದ್ದ ಮಕ್ಕಳನ್ನು ಅದರಲ್ಲಿ ಸೇರಿಸಿರಲಿಲ್ಲ. ಅಮೆರಿಕದ ನರಶಸ್ತ್ರ ತಜ್ಞರು 2016ರಲ್ಲಿ, ಮಗ್ಗುಲು ಬದಲಿಸಿ ಫಿಸಿಯೋ ಮಾಡಿದ ಮೇಲೂ ಜಾಸ್ತಿ ಚಪ್ಪಟೆ ಉಳಿದ್ರೆ ಹೆಲ್ಮೆಟ್ ಹಾಕಬಹುದು ಅಂದಿದ್ದಾರೆ. ನನಗೆ ಸರಿ ಕಂಡದ್ದು ಅದೇ. ಅಳತೆ ಮಾಡಿಸು. ತಲೆಯ ಎರಡು ಮೂಲೆಯಿಂದ ಮೂಲೆಗೆ ಅಳೆದು ವ್ಯತ್ಯಾಸ ಮಿಲಿಮೀಟರಿನಲ್ಲಿ ಹೇಳ್ತಾರೆ, ಆ ನಂಬ್ರ ಬರೆದಿಟ್ಟುಕೋ. ಎರಡು ಮೂರು ವಾರ ಕುತ್ತಿಗೆಯ ವ್ಯಾಯಾಮ ಮಾಡಿ, ತೊಟ್ಟಿಲಲ್ಲಿ ತಲೆ ಕಾಲು ಅದಲು ಬದಲು ಮಾಡಿ ಮಲಗಿಸಿ, ಕಿಟಕಿಯ ಬೆಳಕು ಅವನು ತಿರುಗದ ಬದಿಗೆ ಬರುವ ಹಾಗೆ ಮಾಡಿ, ಮತ್ತೆ ಅಳೆಸು. ಇಳಿಯುತ್ತಾ ಬಂದ್ರೆ ಹೆಲ್ಮೆಟ್ ಬೇಡ. ಇಳಿಯದಿದ್ರೆ ಆರು ತಿಂಗಳು ದಾಟಿ ತುಂಬ ಎಳೀಬೇಡ. ನನ್ನ ಮಗಳಿಗೆ 14 ಮಿಲಿಮೀಟರ್ ಇತ್ತು, ವ್ಯಾಯಾಮದಲ್ಲಿ 13ಕ್ಕೆ ಬಂದು ನಿಂತುಬಿಟ್ಟಿತು. ಹಾಗಾಗಿ ಹಾಕಿಸಿದೆವು. ತೆಗೆಯುವಾಗ 5.

ಹಾಕುವುದು ಅಂತ ಆದ್ರೆ ದಿನಕ್ಕೆ 23 ಗಂಟೆ. ಮೊದಲ ವಾರ ಒಂದೆರಡು ಗಂಟೆಯಿಂದ ಸುರು ಮಾಡಿ ಏರಿಸ್ತಾರೆ. ತೆಗೆದಾಗ ಚರ್ಮ ಕೆಂಪಗಿದ್ರೆ ಗಾಬರಿ ಬೇಡ, ಒಂದು ಗಂಟೆಯ ಒಳಗೆ ಹೋಗಬೇಕು. ಹೋಗದಿದ್ರೆ ಹಾಕಬೇಡ, ಫೋನ್ ಮಾಡು. ಜ್ವರ ಬಂದ್ರೂ ತೆಗೆದಿಟ್ಟು ಕೇಳು. ಎರಡು ಮೂರು ವಾರಕ್ಕೊಮ್ಮೆ ಕರೀತಾರೆ, ತಲೆ ಬೆಳೆದ ಹಾಗೆ ಒಳಗಿನ ಫೋಮ್ ಕೆರೆದು ಜಾಗ ಮಾಡ್ತಾರೆ. ನಾವು ಕಣ್ಣೂರಿಂದ ಬರುವ ಬೆಂಗಳೂರು ರೈಲಿಗೆ ಸಂಜೆ ಕಾಸರಗೋಡಲ್ಲಿ ಹತ್ತಿ, ಬೆಳಿಗ್ಗೆ ಇಳಿದು, ತೋರಿಸಿ, ಅದೇ ರಾತ್ರಿ ವಾಪಸ್. ನಾಲ್ಕು ತಿಂಗಳು ಹಾಗೆ ಹೋದೆವು. ಖರ್ಚಿನ ಲೆಕ್ಕ ನಿನಗೆ ಬೇರೆ ಹೇಳ್ತೇನೆ.

ನಮ್ಮೂರಿನ ಸೆಕೆಯಲ್ಲಿ ಅದು ಕಷ್ಟ, ಸುಳ್ಳು ಹೇಳುವುದಿಲ್ಲ. ಮೊದಲ ಹತ್ತು ದಿನ ಬೆವರು ಅಂದ್ರೆ ಬೆವರು, ಕೂದಲು ತಲೆಗೆ ಅಂಟಿ, ಬಿಚ್ಚಿದ ಕೂಡ್ಲೇ ಹುಳಿ ಮಜ್ಜಿಗೆಯ ವಾಸನೆ. ಆಮೇಲೆ ಮೈ ಹೊಂದಿಕೊಳ್ತದೆ. ದಿನಾ ಸ್ಪಿರಿಟಿನಲ್ಲಿ ಒಳಗೆ ಒರೆಸಿ, ಪೂರ್ತಿ ಒಣಗಿದ ಮೇಲೇ ಹಾಕಬೇಕು. ಆಟಿ ತಿಂಗಳ ಮಳೆಯಲ್ಲಿ ಒಣಗುವುದಿಲ್ಲ ಅಂತ ನಾನು ಫ್ಯಾನಿನ ಅಡಿಯಲ್ಲಿ ಕವಚಿ ಇಡ್ತಿದ್ದೆ. ಎಣ್ಣೆ ತಲೆಗೆ ಬೇಡ, ಫೋಮ್ ಹಾಳಾಗ್ತದೆ, ಚರ್ಮವೂ ಕೆರೀತದೆ. ನನ್ನ ಅತ್ತೆಗೆ ನೆತ್ತಿಗೆ ಒಂದು ಬೊಟ್ಟು ಎಣ್ಣೆ ಇಡದೆ ಮನಸ್ಸು ಕೇಳ್ಲಿಲ್ಲ, ಬೇಸರ ಮಾಡಿಕೊಂಡ್ರು. ಕಡೆಗೆ ಮೈಗೆಲ್ಲ ಎಣ್ಣೆ ಅವರು ಹಚ್ಚುವುದು, ತಲೆ ನಾನು ತೊಳೆಯುವುದು ಅಂತ ಆಯ್ತು. ಹೆಲ್ಮೆಟ್ ಬಿಚ್ಚುವ ಆ ಒಂದು ಗಂಟೆ ಬಂತು ಅಂದ್ರೆ ನಮ್ಮ ಮನೆಯಲ್ಲಿ ಎಲ್ಲರೂ ಅವಳ ತಲೆ ಮೂಸ್ಲಿಕ್ಕೆ ಸಾಲು ನಿಲ್ತಿದ್ರು. ಅವಳ ಅಪ್ಪ ಅಂಗಡಿಯಿಂದ ಆ ಹೊತ್ತಿಗೇ ಬರ್ತಿದ್ರು.

ಇನ್ನು ಜನ. ಇದನ್ನು ಹೇಳದೆ ಇರ್ಲಿಕ್ಕೆ ಆಗುವುದಿಲ್ಲ. ಮೊದಲ ಮೂರು ವಾರ ನಾನು ಮಗಳನ್ನು ಹೊರಗೆ ಕರ್ಕೊಂಡೇ ಹೋಗ್ಲಿಲ್ಲ. ಮಧೂರು ದೇವಸ್ಥಾನದಲ್ಲಿ ಅನ್ನಪ್ರಾಶನ ಅಂತ ಹೇಳಿ ಆಗಿತ್ತು, ಅದನ್ನೂ ಮುಂದೆ ಹಾಕಿಸಿದೆ. ಆಮೇಲೆ ಒಂದು ದಿನ ಬೇರೆ ದಾರಿ ಇಲ್ಲದೆ ಬದಿಯಡ್ಕದಿಂದ ಪೆರ್ಲದ ಬಸ್ಸು ಹತ್ತಿದೆ. ಬಸ್ಸಿಡೀ ನೋಡಿತು. ಪಕ್ಕದಲ್ಲಿ ಒಬ್ಬರು ಅಜ್ಜಿ, ಬಾಲೆಗ್ ದಾದ ಆಂಡ್, ಮಗುವಿಗೆ ಎಂತ ಆಯ್ತು ಅಂತ ತುಳುವಿನಲ್ಲಿ ಕೇಳಿದ್ರು. ನಾನು ಉತ್ತರ ಹೇಳುವ ಮೊದಲೇ ಸಣ್ಣ ಸ್ವರದಲ್ಲಿ, ಎಂಡೋಸಲ್ಫಾನಾ ಅಂದ್ರು. ಎದೆ ಧಸಕ್ ಅಂತು. ಆದ್ರೆ ಆ ಅಜ್ಜಿಯ ಮುಖ ನೋಡಿದ್ರೆ ಸಿಟ್ಟು ಬರ್ಲಿಲ್ಲ. ಎಣ್ಮಕಜೆಯ ಕಡೆಯವರು ಅವರು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ 2000ದವರೆಗೆ ಇಪ್ಪತ್ತು ವರ್ಷಕ್ಕೂ ಮೇಲೆ ಆ ಎಂಡೋಸಲ್ಫಾನ್ ವಿಷ ಹೊಯ್ದ ಊರು. ತಲೆ ದೊಡ್ಡದಾಗಿ ಮಲಗಿದಲ್ಲೇ ಉಳಿದ ಮಕ್ಕಳನ್ನು ಪಕ್ಕದ ಮನೆಯಲ್ಲಿ ನೋಡಿದವರು. ಅವರು ಕೇಳಿದ್ದು ಕುತೂಹಲಕ್ಕಲ್ಲ, ಹೆದರಿಕೆಗೆ. ನಾನು ಅಲ್ಲ ಅಜ್ಜಿ ಅಂದೆ, ತಲೆಯೊಳಗೆ ಏನೂ ಇಲ್ಲ, ಮೆದುಳಿಗೆ ಏನೂ ಆಗಿಲ್ಲ, ಮಲಗಿ ಮಲಗಿ ಒಂದು ಬದಿ ಚಪ್ಪಟೆಯಾಗಿದೆ, ನಾಲ್ಕು ತಿಂಗಳು ಇದನ್ನು ಹಾಕಬೇಕು. ಅವರು ಹೆಲ್ಮೆಟನ್ನು ಬೆರಳಲ್ಲಿ ಮೆಲ್ಲ ಮುಟ್ಟಿ, ಇಳಿಯುವವರೆಗೂ ಮಗಳ ಕಾಲು ಹಿಡ್ಕೊಂಡೇ ಕೂತಿದ್ರು. ಮರುವಾರವೇ ಮಧೂರಿಗೆ ಹೋದೆವು, ಹೆಲ್ಮೆಟ್ ಹಾಕಿಯೇ. ಹಣೆಯಲ್ಲಿ ಜಾಗ ಇಲ್ಲ ಅಂತ ಗಲ್ಲಕ್ಕೆ ಪ್ರಸಾದ ಹಚ್ಚಿದೆವು.

ನೀನು ಮನೆಯೊಳಗೆ ಕೂರಬೇಡ ತಂಗೀ. ಯಾರು ಕೇಳಿದ್ರೂ ಎರಡು ಮಾತಿನಲ್ಲಿ ಹೇಳಿಬಿಡು.

ಮಂಗಳೂರಲ್ಲಿ ನಾವು ಹೋಗ್ತಿದ್ದ ಫಿಸಿಯೋದವರ ನಂಬ್ರ ನಿನಗೆ ಬೇರೆಯಾಗಿ ಕಳಿಸ್ತೇನೆ. ಶನಿವಾರ ನನಗೆ ರಜೆ ಉಂಟು. ನೀನು ಉಪ್ಪಳದಲ್ಲಿ ಹತ್ತು, ನಾನು ಕಾಸರಗೋಡಿಂದ ಅದೇ ರೈಲಿನಲ್ಲಿ ಬರ್ತೇನೆ. ಪುಟ್ಟನ ಹಳೆ ಫೋಟೋಗಳನ್ನು ಇವತ್ತು ರಾತ್ರಿ ಒಮ್ಮೆ ತೆಗೆದು ನೋಡು, ಯಾವ ಕಡೆಗೆ ಮುಖ ಜಾಸ್ತಿ ಉಂಟು ಅಂತ. ಫಿಸಿಯೋದವರು ಮೊದಲು ಅದನ್ನೇ ಕೇಳ್ತಾರೆ.