‘ಪರಮಾಣು ಹೀರಿಕೆ’ ಎಂದರೆ ಯಾರು ಏನನ್ನು ಹೀರುವುದು?

ಗೆಳೆಯರೇ, ಮಣ್ಣು ಪರೀಕ್ಷೆಯ ಬಗ್ಗೆ ರೈತರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳು ಕಾಡುತ್ತಿವೆ.

ಮೊದಲನೆಯದು ‘ಅಟಾಮಿಕ್ ಅಬ್ಸಾರ್ಪ್ಷನ್’. ಮಣ್ಣಿನ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಅಳೆಯುವ ಯಂತ್ರದ ಹೆಸರಿನಲ್ಲಿ ಇದಿದೆ. ಪ್ರಯೋಗಾಲಯದವರು ಆ ಯಂತ್ರವನ್ನು ಚಿಕ್ಕದಾಗಿ ‘ಎಎಎಸ್’ ಅಂತಾರೆ, ಅವರಿಗೆ ಅಷ್ಟು ಸಾಕು. ನಾನು ‘ಪರಮಾಣು ಹೀರಿಕೆ’ ಎಂದು ಬರೆದರೆ ಓದುವವರಿಗೆ ನೆನಪಾಗುವುದು ಬೇರು. ಮಣ್ಣಿನಿಂದ ಹೀರುವುದು ಅದೇ ಅಲ್ವಾ? ಬೇರು ಎಷ್ಟು ಸತು ಹೀರಿತು ಎಂಬುದನ್ನು ಯಂತ್ರ ಅಳೆಯುತ್ತದೆ ಎಂದುಕೊಂಡುಬಿಡುತ್ತಾರೆ.

ಆದರೆ ಇಲ್ಲಿ ಹೀರುವುದು ಸತುವಿನ ಪರಮಾಣು, ಅದು ಹೀರುವುದು ಬೆಳಕನ್ನು. ಮಣ್ಣಿನಿಂದ ಇಳಿಸಿಕೊಂಡ ದ್ರಾವಣವನ್ನು ಗಾಳಿ ಬೆರೆತ ಅಸಿಟಲೀನ್ ಉರಿಯೊಳಕ್ಕೆ ತುಂತುರಾಗಿ ಬಿಡುತ್ತಾರೆ. ಸುಮಾರು 2,300 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸತು ಬಿಡಿ ಪರಮಾಣುಗಳಾಗುತ್ತದೆ. ಉರಿಯನ್ನು ಹಾಯ್ದು ಬರುವ ಬೆಳಕು ಸತುವಿನಿಂದಲೇ ಮಾಡಿದ ದೀಪದ್ದು, ಅಲೆಯುದ್ದ 213.9 ನ್ಯಾನೋಮೀಟರ್. ಕಣ್ಣಿಗೆ ಕಾಣದ ಅತಿನೇರಳೆಯನ್ನು ಬೆಳಕು ಅನ್ನಬಹುದೇ ಎಂದು ಯಾರಾದರೂ ಜಗಳ ತೆಗೆಯಬಹುದು, ಸದ್ಯಕ್ಕೆ ಬಿಡೋಣ. ಉರಿಯಲ್ಲಿ ಸತು ಜಾಸ್ತಿ ಇದ್ದಷ್ಟೂ ಆಚೆ ಬದಿಗೆ ತಲುಪುವ ಬೆಳಕು ಕಡಿಮೆ. ತಾಮ್ರ ಅಳೆಯಲು ತಾಮ್ರದ ದೀಪ ಹಾಕಬೇಕು. ಆಸ್ಟ್ರೇಲಿಯಾದಲ್ಲಿ ಆಲನ್ ವಾಲ್ಶ್ 1950ರ ದಶಕದಲ್ಲಿ ಇದನ್ನು ಬಳಕೆಗೆ ತಂದರು.

ಹಾಗಾದರೆ ‘ಬೆಳಕು ಹೀರಿಕೆ’ ಎಂದು ಸುಮ್ನೆ ಬರೆಯಬಹುದೇ? ಪೊಟ್ಯಾಷ್ ಅಳೆಯುವ ಫ್ಲೇಮ್ ಫೋಟೋಮೀಟರಿನಿಂದ ಬೇರೆ ಮಾಡಲು ಅದು ಚೆನ್ನಾಗಿದೆ. ಅಲ್ಲಿ ಪರಮಾಣು ಬೆಳಕನ್ನು ಹೀರುವುದಿಲ್ಲ, ಸೂಸುತ್ತದೆ. ಆದರೆ ಬೆಳೆಗೆ ಬೇಕಾದ ಇನ್ನೊಂದು ಪೋಷಕಾಂಶ, ಬೋರಾನ್, ಅಡ್ಡ ಬರುತ್ತದೆ. ಅದನ್ನು ಬಣ್ಣ ಬರಿಸಿ ಅಳೆಯುತ್ತಾರೆ. ಅಲ್ಲೂ ಹೀರುವುದು ಬೆಳಕನ್ನೇ, ಆದರೆ ಹೀರುವವರು ಬಿಡಿ ಪರಮಾಣುಗಳಲ್ಲ, ಬಣ್ಣದ ದ್ರಾವಣ. ಹಾಗಾಗಿ ‘ಪರಮಾಣು’ ಬಿಡುವಂತಿಲ್ಲ. ‘ಶೋಷಣೆ’ ಅಂತೂ ಬೇಡವೇ ಬೇಡ, ಪರಮಾಣುವಿನ ಪರ ಯಾರಾದರೂ ಧರಣಿ ಕೂತಾರು! ಈಗ ನಾನು ‘ಪರಮಾಣು ಬೆಳಕುಹೀರಿಕೆ’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ಆದರೆ ಯಾರು ಏನನ್ನು ಹೀರುತ್ತಾರೆ ಅನ್ನುವುದು ತಿಳಿಯುತ್ತದೆ.

ಎರಡನೆಯದು ಇನ್ನೂ ಮುಖ್ಯ: ‘ಲಭ್ಯ ಸತು’, ‘ಲಭ್ಯ ಕಬ್ಬಿಣ’. ಸುಣ್ಣದ ಅಂಶ ಇರುವ ಎರೆ ಮಣ್ಣಿನಲ್ಲಿ ಕಬ್ಬಿಣ ನೂರಕ್ಕೆ ಎರಡು ಮೂರು ಪಾಲು ಇದ್ದರೂ ಶೇಂಗಾ ಎಲೆ ಹಳದಿಯಾಗುತ್ತದೆ. ಇರುವ ಕಬ್ಬಿಣ ಬೇರಿಗೆ ಬರುವ ರೂಪದಲ್ಲಿಲ್ಲ. ಅದಕ್ಕೇ ಪ್ರಯೋಗಾಲಯದಲ್ಲಿ ಮಣ್ಣನ್ನು ಪೂರ್ತಿ ಕರಗಿಸುವುದಿಲ್ಲ. 10 ಗ್ರಾಂ ಮಣ್ಣಿಗೆ 20 ಮಿಲಿಲೀಟರ್ ಡಿಟಿಪಿಎ (ಲೋಹಗಳನ್ನು ಹಿಡಿದುಕೊಳ್ಳುವ ಒಂದು ರಾಸಾಯನಿಕ) ದ್ರಾವಣ ಹಾಕಿ ಎರಡು ತಾಸು ಅಲುಗಾಡಿಸಿ ಸೋಸುತ್ತಾರೆ. ಸೋಸಿದ್ದರಲ್ಲಿ ಬಂದದ್ದಷ್ಟೇ ಲೆಕ್ಕ. ಸಾಮಾನ್ಯವಾಗಿ ಕಬ್ಬಿಣ 4.5 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 4.5 ಪಾಲು), ಸತು 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ.

ಇದನ್ನು ‘ಲಭ್ಯ’ ಎಂದರೆ ಅಂಗಡಿಯಲ್ಲಿ ‘ಗೊಬ್ಬರ ಲಭ್ಯ’ ಎಂಬ ಬೋರ್ಡಿನ ಹಾಗೆ, ಇದೆ ಅಂತಷ್ಟೇ ಕೇಳಿಸುತ್ತದೆ. ನನಗೆ ಹಿಡಿಸಿದ್ದು ‘ದಕ್ಕುವ’: ‘ಬೆಳೆಗೆ ದಕ್ಕುವ ಸತು’. ಇದಕ್ಕೂ ಒಂದು ತಕರಾರಿದೆ. ‘ಉಂಡದ್ದು ದಕ್ಕಲಿಲ್ಲ’ ಅನ್ನುವಾಗ ದಕ್ಕುವುದು ಒಳಗೆ ಹೋದ ಮೇಲಿನ ಮಾತು. ಇಲ್ಲಿ ಹೇಳಬೇಕಿರುವುದು ಬೇರಿನೊಳಗೆ ಹೋಗುವ ಮುಂಚಿನ ಸ್ಥಿತಿ. ‘ಸಿಗುವ’ ಎಂದರೆ ಸಾಕೇ?

ಕೃಷಿ ವಿಶ್ವವಿದ್ಯಾಲಯಗಳಲ್ಲಿ, ರೈತ ಸಂಪರ್ಕ ಕೇಂದ್ರಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದೀರಿ. ರೈತರಿಗೆ ಬಾಯಲ್ಲಿ ಹೇಳುವಾಗ ಯಾವ ಪದ ಬಳಸುತ್ತೀರಿ? ಮಣ್ಣು ಪರೀಕ್ಷೆಯ ಫಲಿತಾಂಶ ಕೊಡುವ ಕಾರ್ಡಿನಲ್ಲಿ ಅಚ್ಚಾದದ್ದು ಬೇಡ, ಅದು ನನ್ನ ಹತ್ತಿರ ಇದೆ.