ಪದಚರ್ಚೆ: ಅತಿಥಿಯನ್ನು ‘ಊದು’ ಕೊಟ್ಟು ಕಳಿಸುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಅರಬ್ಬರು ಮನೆಗೆ ಬಂದವರಿಗೆ ಊದು, ಅಂದರೆ ಅಗರಿನ ಧೂಪ, ಹಿಡಿದು ಬೀಳ್ಕೊಡುತ್ತಾರೆ. ಆ ಒಂದು ಮಾತಿಗೆ ಕನ್ನಡ ಸಿಗದೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ.

ನಮ್ಮ ಕಡೆ ಅಡಿಕೆ ತೋಟದ ಅಂಚಿಗೆ, ಸುಟ್ಟರೆ ಪರಿಮಳ ಬರುವ ಅಗರಿನ ಮರ, ಅಂದರೆ ಅಗರ್‌ವುಡ್ ನೆಟ್ಟವರು ಕೆಲವರಿದ್ದಾರೆ. ಅವರಲ್ಲಿ ನಾಲ್ಕೈದು ಜನ ಬಂದು, “ಹೊರದೇಶದ ಗಿರಾಕಿಗಳ ಹತ್ತಿರ ಹೇಗೆ ನಡ್ಕೊಳ್ಳಬೇಕು ಅಂತ ಎರಡು ಪುಟ ಬರೆದುಕೊಡಿ ಮಾರಾಯ್ರೆ” ಅಂದರು. ಒಪ್ಪಿಕೊಂಡೆ. ಮೊದಲ ಪುಟ ಸಲೀಸಾಗಿ ಆಯಿತು. ಅಗರ್‌ವುಡ್ ಕೊಡುವ ಮರದ ಮುಖ್ಯ ಜಾತಿ 1995ರಿಂದ ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಪರ್ಮಿಟ್ ಇಲ್ಲದೆ ಮಾಲು ಗಡಿ ದಾಟುವುದಿಲ್ಲ. ಹಾಗಾಗಿ ದರಕ್ಕಿಂತ ಮೊದಲು ಕಾಗದದ ಮಾತಾಡಿ ಅಂತ ಬರೆದೆ. ಸಿಕ್ಕಿಬಿದ್ದದ್ದು ಎರಡನೇ ಪುಟದಲ್ಲಿ.

ಆ ಬೆಳೆಗಾರರಲ್ಲೊಬ್ಬರು ಹೋದ ವರ್ಷ ಭಟ್ಕಳದ ಪರಿಚಯಸ್ಥರ ಜೊತೆ ದುಬೈಗೆ ಹೋಗಿದ್ದರು. ಒಬ್ಬ ವ್ಯಾಪಾರಿಯ ಮನೆಯಲ್ಲಿ, ಅತಿಥಿಗಳನ್ನು ಕೂರಿಸುವ ಮಜಲಿಸ್‌ನಲ್ಲಿ ಕೂತಿದ್ದಾರೆ. ಖರ್ಜೂರ ಬಂತು, ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ ಕಾಫಿ ಬಂತು. ಮನೆಮಂದಿ, ಮಳೆ, ಪ್ರಯಾಣ ಅಂತ ಒಂದು ತಾಸು ಮಾತು. ದರದ ಸುದ್ದಿಯೇ ಇಲ್ಲ. ಕೊನೆಗೆ ಕೆಂಡದ ಮೇಲೆ ಅಗರಿನ ಚಕ್ಕೆ ಇಟ್ಟು ಧೂಪದ ಪಾತ್ರೆಯನ್ನು ಒಬ್ಬೊಬ್ಬರ ಮುಂದೆ ಹಿಡಿದರು. ಎಲ್ಲರೂ ಹೊಗೆಯನ್ನು ಗಡ್ಡಕ್ಕೆ, ಬಟ್ಟೆಗೆ ಎಳೆದುಕೊಂಡರು. “ಕೊನೆಗೆ ಧೂಪ ಹಾಕ್ತಾರೆ” ಅಂತ ನಮ್ಮವರಿಗೆ ಮೊದಲೇ ಯಾರೋ ಹೇಳಿದ್ದರಂತೆ. ಧೂಪ ಆಯಿತು, ಇನ್ನು ಒಳ್ಳೆ ಗಳಿಗೆ ಅಂದುಕೊಂಡು ಚಕ್ಕಂಬಟ್ಟಲೆ ಹಾಕಿ ಕೂತು, “ಹಾಗಾದ್ರೆ ಕಿಲೋಗೆ ಎಷ್ಟು ಕೊಡ್ತೀರಿ?” ಅಂತ ಕೇಳಿಬಿಟ್ಟರು. ಅಷ್ಟು ಹೊತ್ತಿಗೆ ಉಳಿದವರೆಲ್ಲ ಎದ್ದು ನಿಂತಾಗಿತ್ತು! ಪಾಪ, ಮನೆಯ ಯಜಮಾನ ಮರ್ಯಾದೆಗೆ ಮತ್ತೆ ಕೂತ. ವ್ಯಾಪಾರ ಮಾತ್ರ ಕುದುರಲಿಲ್ಲ.

ಹೊರಗೆ ಬಂದ ಮೇಲೆ ಭಟ್ಕಳದವರು ಅರಬ್ಬಿಯ ಒಂದು ಗಾದೆ ಹೇಳಿದರಂತೆ: “ಮಾ ಬಾದ್ ಅಲ್-ಊದ್ ಕುಊದ್.” ಊದು ಬಂದ ಮೇಲೆ ಕೂರುವುದಿಲ್ಲ ಅಂತ. ಅಲ್ಲಿ ಅದು ಗೌರವದ ಬೀಳ್ಕೊಡುಗೆ.

ತಪ್ಪು ಅವರದ್ದಲ್ಲ, ‘ಧೂಪ ಹಾಕು’ ಎಂಬ ಮಾತಿನದ್ದು ಅಂತ ನನಗೆ ಅನಿಸುತ್ತದೆ. ನಮ್ಮಲ್ಲಿ ಧೂಪ ಹಾಕುವುದು ದೇವರಿಗೆ, ಮಿಂದ ಬಾಣಂತಿಗೆ, ಕೂಸಿಗೆ. ಮನೆಗೆ ಬಂದವರಿಗಲ್ಲ. ‘ಹೊಗೆ ಕೊಡು’ ಅಂದರೆ ಸೊಳ್ಳೆ ನೆನಪಾಗುತ್ತದೆ. ‘ಹೊಗೆ ಹಾಕು’ ಅಂತೂ ಬೇಡವೇ ಬೇಡ, ಈಗಿನ ಹುಡುಗರ ಬಾಯಲ್ಲಿ ಅದರ ಅರ್ಥ ನಿಮಗೆ ಗೊತ್ತಲ್ಲ.

ಹಾಗಾದರೆ ನಮ್ಮ ಎಲೆ ಅಡಿಕೆಯ ಮಾತನ್ನೇ ತರೋಣ ಅಂದುಕೊಂಡೆ. ಅಲ್ಲೂ ಒಂದು ತೊಡಕು. ಶಿರಸಿ ಸೀಮೆಯ ಮನೆಯಲ್ಲಿ ಆಸರಿಗೆ (ಕುಡಿಯಲು) ಕೊಟ್ಟು ಕವಳದ (ಎಲೆ ಅಡಿಕೆಯ) ತಬಕು ಮುಂದಿಟ್ಟರೆ ‘ಆರಾಮಾಗಿ ಕೂತು ಮಾತಾಡಿ’ ಅಂತ ಅರ್ಥ. ಅಡಿಕೆ ಕತ್ತರಿಸುತ್ತಾ ಕೂತರೆ ಮಾತಿಗೆ ಕೊನೆ ಇಲ್ಲ. ದುಬೈ ಧೂಪಕ್ಕೆ ಪೂರ್ತಿ ಉಲ್ಟಾ. ಆದರೆ ಅದೇ ಎಲೆ, ಅದೇ ಅಡಿಕೆ ಮದುವೆ ಮನೆಯಲ್ಲಿ ‘ತಾಂಬೂಲ’ ಅಂತ ಕೈಗೆ ಬಂದರೆ ಚಪ್ಪಲಿ ಹುಡುಕಬೇಕು! ಕವಳ ಕೂರಿಸುತ್ತದೆ, ತಾಂಬೂಲ ಏಳಿಸುತ್ತದೆ. ಸದ್ಯಕ್ಕೆ ‘ಧೂಪದ ತಾಂಬೂಲ’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಸ್ವಲ್ಪ ವಿಚಿತ್ರ ಕೇಳುತ್ತದೆ, ಅಲ್ವಾ? ಗಾದೆಗೆ ಮಾತ್ರ ‘ಊದು ಬಂತು, ಊರಿಗೆ ಹೊರಡು’ ಅಂತ ಸುಮ್ನೆ ಒಂದು ಜೋಡಿಸಿದೆ. ಬೆಳೆಗಾರರಿಗೆ ಅದೇ ಜಾಸ್ತಿ ಹಿಡಿಸಿತು.

ಊದು ಅಂದಾಗ ನೆನಪಾಯಿತು. ಊದುಬತ್ತಿ, ಊದಿನಕಡ್ಡಿ ಅನ್ನುವಾಗ ಬಾಯಲ್ಲಿ ಊದುವುದು ಅಂತಲೇ ನಾನು ಎಷ್ಟೋ ವರ್ಷ ತಿಳಿದಿದ್ದೆ. ಅದು ಇದೇ ಅರಬ್ಬಿ ಊದು. ಮೂಲದಲ್ಲಿ ಅದಕ್ಕೆ ಕಟ್ಟಿಗೆ, ಕಡ್ಡಿ ಅಂತಲೇ ಅರ್ಥ. ಅಲ್ಲಿಗೆ ನಮ್ಮ ಊದಿನಕಡ್ಡಿ ‘ಕಡ್ಡಿಯ ಕಡ್ಡಿ’ ಆಯಿತು! ಪೇಟೆಯಲ್ಲಿ ದಿನಾ ಆಡುವ ದಲಾಲಿ, ಮಾಲು, ಬಾಕಿ, ಕರಾರು, ವಾಯಿದೆ, ಅತ್ತರು ಎಲ್ಲವೂ ಅರಬ್ಬಿಯಿಂದಲೇ ಬಂದವು. ಅಷ್ಟೆಲ್ಲ ಪದ ಬಂದು ಬೀಳ್ಕೊಡುವ ಪದ ಮಾತ್ರ ಬರಲಿಲ್ಲವೇ ಅಂತ ಸೋಜಿಗ.

ಇನ್ನು ಅಗರಿನ ಇನ್ನೊಂದು ಹೆಸರು ‘ಅಗುರು’. ಸಂಸ್ಕೃತದವರು ಬಿಡಿಸಿದರೆ ‘ಭಾರವಿಲ್ಲದ್ದು’ ಅಂತಾಗುತ್ತದೆ. ಆದರೆ ಮರಕ್ಕೆ ಗಾಯವಾಗಿ, ಬೂಸ್ಟು ಹೊಕ್ಕು, ಅಂಟು ತುಂಬಿದ ಒಳ್ಳೆ ಅಗರು ನೀರಲ್ಲಿ ಮುಳುಗುತ್ತದೆ. ಚೀನೀ, ಜಪಾನೀ ಹೆಸರುಗಳ ಅರ್ಥವೇ ‘ಮುಳುಗುವ ಪರಿಮಳ’. ತಮಿಳು, ಮಲಯಾಳದ ‘ಅಗಿಲ್’ ನೋಡಿದರೆ, ಸಂಸ್ಕೃತಕ್ಕೆ ಅದು ದಕ್ಷಿಣದಿಂದಲೇ ಹೋಯಿತೇನೋ ಅಂತ ನನ್ನ ಗುಮಾನಿ.

ಜಪಾನಿನವರ ಬಗ್ಗೆ ಎರಡು ಸಾಲು ಬರೆಯುವಾಗ ಮತ್ತೆ ತಡವರಿಸಿದೆ. ಅವರು ಅಗರಿನ ಪರಿಮಳವನ್ನು ‘ಕೇಳುತ್ತಾರೆ’. ಬಟ್ಟಲನ್ನು ಅಂಗೈಯಲ್ಲಿಟ್ಟು, ಇನ್ನೊಂದು ಕೈ ಮರೆ ಮಾಡಿ, ಸದ್ದಿಲ್ಲದೆ ಮೂರು ಸಲ ಉಸಿರೆಳೆದುಕೊಳ್ಳುತ್ತಾರೆ. ನಾವು ಪರಿಮಳ ‘ನೋಡುತ್ತೇವೆ’. ‘ಮೂಸಿ’ ಅಂತ ಬರೆದರೆ ನಾಯಿ ಕಣ್ಮುಂದೆ ಬರುತ್ತದೆ. ‘ಆಘ್ರಾಣಿಸಿ’ ಅಂದರೆ ಬೆಳೆಗಾರರು ನನ್ನನ್ನೇ ನೋಡಿ ನಗುತ್ತಾರೆ. ‘ಪರಿಮಳ ನೋಡಿ’ ಅಂತಲೇ ಬಿಟ್ಟಿದ್ದೇನೆ.

ನನ್ನ ಮುಖ್ಯ ಪ್ರಶ್ನೆ ಧೂಪದ್ದೇ. ಭಟ್ಕಳದ ನವಾಯತ ಮುಸ್ಲಿಮರ ಮನೆಮಾತಲ್ಲಿ, ಇಲ್ಲವೇ ಕಾರವಾರ, ಅಂಕೋಲೆ ಕಡೆಯ ಆಡುಮಾತಲ್ಲಿ, ಅತಿಥಿಯನ್ನು ಪರಿಮಳ ಕೊಟ್ಟು ಕಳಿಸುವುದಕ್ಕೆ ಒಂದು ಪದ ಇದೆಯೇ? ಅತ್ತರು ಹಚ್ಚಿ, ಪನ್ನೀರು ಚಿಮುಕಿಸಿ ಕಳಿಸುವಾಗ ಹಿರಿಯರು ಏನನ್ನುತ್ತಿದ್ದರು? ಶುಕ್ರವಾರ ಪ್ರೆಸ್ಸಿಗೆ ಕೊಡಬೇಕು. ಅಷ್ಟರೊಳಗೆ ತಿಳಿಸಿದರೆ ‘ಧೂಪದ ತಾಂಬೂಲ’ವನ್ನು ಖುಷಿಯಿಂದ ಹೊಡೆದು ಹಾಕುತ್ತೇನೆ.