ಎರಡು ಚಿಕ್ಕ ಮಕ್ಕಳ ಜೊತೆ ಭಾನುವಾರ ಶಿವನಸಮುದ್ರ, ಹೋಗಿಬಂದವರು ಹೇಳ್ರಪ್ಪ

ಪುಟ್ಟಿ ಅಪ್ಪ: ಕೆಆರ್‌ಎಸ್ ತುಂಬಿದೆ, ನೀರು ಬಿಡ್ತಿದ್ದಾರೆ ಅಂತ ನ್ಯೂಸಲ್ಲಿ ಬಂದಾಗಿಂದ ಮನೇಲಿ ಒಂದೇ ಹಟ, ಗಗನಚುಕ್ಕಿ ಭರಚುಕ್ಕಿ ನೋಡ್ಬೇಕು ಅಂತ. ಬನಶಂಕರಿಯಿಂದ ಹೊರಡ್ತೀವಿ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ, ಜೊತೆಗೆ ನಮ್ಮತ್ತೆ, ಅವರಿಗೆ ಮಂಡಿ ನೋವು. ರಾತ್ರಿಯೊಳಗೆ ವಾಪಸ್ ಬರ್ಬೇಕು. ಸ್ಟ್ರೋಲರ್ ತಗೊಂಡು ಹೋದ್ರೆ ಉಪಯೋಗ ಆಗುತ್ತಾ? ಮಗೂಗೆ ಡೈಪರ್ ಬದಲಾಯಿಸೋಕೆ ಜಾಗ ಇದೆಯಾ?

ಚಿಂಟು ಮಮ್ಮಿ: ಭಾನುವಾರ ಮಾತ್ರ ಬೇಡ್ವೇ ಬೇಡ. ನಾವು ಆಗಸ್ಟ್ ಹದಿನೈದರ ರಜೆಗೆ ಹೋಗಿದ್ವಿ, ನಾನು ಬಡ್ಕೊಂಡೆ ಬೇಡ ಅಂತ, ನಮ್ಮನೆಯವರು ಅವರ ಭಾವನ ಮಾತು ಕೇಳ್ಕೊಂಡು ಹೊರಟೇ ಬಿಟ್ರು. ಬಾಡಿಗೆ ಗಾಡಿ 6500, ಡ್ರೈವರ್ ಬಾಟಾ 500, ಟೋಲು ಪಾರ್ಕಿಂಗು ನಮ್ಮದೇ. ಮದ್ದೂರು ದಾಟಿ ಮಳವಳ್ಳಿ ರೋಡಿಗೆ ಬಿದ್ದಿದ್ದೇ ತಡ ಚಿಂಟು ವಾಂತಿ, ಸೀಟಿನ ಮೇಲೇನೇ, ಆ ಡ್ರೈವರ್ ವಾಶ್ ಮಾಡಿಸೋಕೆ ಅಂತ 800 ಕಿತ್ಕೊಂಡ. 800! ಸೀಟ್ ಕವರ್ರೇ ಅಷ್ಟಿರಲ್ಲ. ಗಗನಚುಕ್ಕಿಗೆ ತಿರುಗೋ ಕಡೆ ನಿಂತ ಗಾಡಿ ಒಂದೂಮುಕ್ಕಾಲು ಗಂಟೆ ಅಲ್ಲಾಡ್ಲಿಲ್ಲ, ಎಸಿ ಹಾಕಪ್ಪ ಅಂದ್ರೆ ಡೀಸೆಲ್ ಕುಡಿಯುತ್ತೆ ಅಂತ ಮುಖ ಗಂಟು ಹಾಕ್ಕೊಂಡ. ಕೊನೆಗೆ ತಲುಪಿ ಊಟ ಬಿಚ್ಚಿದ್ರೆ ಕೋತಿ ಬಂದು ಚಿತ್ರಾನ್ನ ಮೊಸರನ್ನ ಸಮೇತ ಕ್ಯಾರಿಯರ್ರೇ ಎತ್ಕೊಂಡು ಹೋಯ್ತು, ನಮ್ಮಮ್ಮ ಕೊಟ್ಟಿದ್ದ ದಪ್ಪ ಸ್ಟೀಲಿಂದು, ಈಗ ಆ ಥರದ್ದು ಸಿಗಲ್ಲ. ಫಾಲ್ಸ್ ನೋಡಿದ್ದು ಹತ್ತು ನಿಮಿಷ. ಭಾವ ಇವತ್ತಿಗೂ ಆ ಫೋಟೋನ ಸೂಪರ್ ಟ್ರಿಪ್ ಅಂತ ಸ್ಟೇಟಸ್ ಹಾಕ್ತಾರೆ.

ಕನಕಪುರ ರೋಡ್ ರಾಜ: ಮೇಡಂ, ಬೆಂಗಳೂರಿಂದ ಶಿವನಸಮುದ್ರಕ್ಕೆ ಮದ್ದೂರು ಮೇಲೆ ಯಾರ್ರೀ ಹೋಗ್ತಾರೆ? ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಸೀದಾ ದಾರಿ. ಬನಶಂಕರಿಯವರಿಗೆ ಅಂತೂ ಮನೆ ಬಾಗಿಲಿಂದಾನೇ ಶುರು. ನಾವು ಐದೂವರೆಗೆ ಹೊರಟು ಎಂಟೂಕಾಲಿಗೆ ಅಲ್ಲಿದ್ವಿ, ಮಕ್ಕಳು ನೈಟ್ ಡ್ರೆಸ್ಸಲ್ಲೇ ಕಾರಲ್ಲಿ ಮಲಗಿದ್ರು, ವ್ಯೂ ಪಾಯಿಂಟಲ್ಲಿ ನಾವು ಬಿಟ್ರೆ ಇನ್ನೊಂದೆರಡು ಫ್ಯಾಮಿಲಿ ಅಷ್ಟೇ. ಹತ್ತು ಗಂಟೆಗೆ ಗಗನಚುಕ್ಕಿ ಮುಗಿಸಿ ಹೊರಗೆ ಬರೋವಾಗ ನಿಮ್ಮಂಥವರ ಗಾಡಿಗಳು ಸಾಲಾಗಿ ಒಳಗೆ ಬರ್ತಿದ್ವು.

ಮಂಡ್ಯ ಅಳಿಯ: ಎಕ್ಸ್‌ಪ್ರೆಸ್‌ವೇ ಬಿಟ್ಟು ಕನಕಪುರ ರೋಡಲ್ಲಿ ಮಕ್ಕಳನ್ನ ಕರ್ಕೊಂಡು ಹೋಗೋದಾ? ಹಾರೋಹಳ್ಳಿ ದಾಟೋಷ್ಟರಲ್ಲಿ ಲಾರಿ ಹಿಂದೆ ಅರ್ಧ ಜೀವ ಹೋಗುತ್ತೆ. ಮದ್ದೂರಿಗೆ ಸರ್ವಿಸ್ ರೋಡಿಗೆ ಇಳಿಯೋದು ಮಾತ್ರ ನೋಡ್ಕೋಬೇಕು, ಅದು ತಪ್ಪಿದ್ರೆ ಮಂಡ್ಯ ಕಡೆ ಹೋಗ್ಬಿಡ್ತೀರ. ಬಿಡದಿ ಹತ್ರ ಒಂದು ಟೋಲ್ ಕಟ್ತೀರ ಅಷ್ಟೇ, ಶ್ರೀರಂಗಪಟ್ಟಣದ ಟೋಲ್‌ವರೆಗೂ ಹೋಗೋದೇ ಇಲ್ಲ. ಮದ್ದೂರಲ್ಲಿ ವಡೆ ತಿಂದು ಕಾಫಿ ಕುಡಿದು ಹೋಗ್ಬಹುದು. ಕನಕಪುರ ರೋಡಲ್ಲಿ ಏನು ತಿಂತೀರ, ಧೂಳಾ?

ಪುಟ್ಟಿ ಅಪ್ಪ: ಥ್ಯಾಂಕ್ಸ್ ಎಲ್ಲರಿಗೂ. ಸ್ಟ್ರೋಲರ್ ಬಗ್ಗೆ?

ಕೊಳ್ಳೇಗಾಲ ಅಕ್ಕ: ಎಲ್ಲಾರೂ ಗಗನಚುಕ್ಕಿ ಗಗನಚುಕ್ಕಿ ಅಂತೀರಲ್ಲ, ಮಕ್ಕಳಿಗೆ ಚೆಂದ ಅನ್ಸೋದು ಭರಚುಕ್ಕಿ. ಹೊಳೆ ಅಗಲಕ್ಕೂ ಹರಡ್ಕೊಂಡು ಬೀಳುತ್ತೆ. ನಾವು ಪ್ರತಿ ಮಳೆಗಾಲ ಬುತ್ತಿ ಕಟ್ಕೊಂಡು ಹೋಗ್ತಿದ್ವಿ, ನಮ್ಮ ಮಕ್ಕಳು ಅಲ್ಲೇ ಆಡಿ ಬೆಳೆದವರು. ನೀರು ಜಾಸ್ತಿ ಇದ್ರೆ ಕೆಳಗೆ ಇಳಿಯೋ ಮೆಟ್ಟಿಲು ಮುಚ್ತಾರೆ, ತೆಪ್ಪನೂ ಬಿಡಲ್ಲ, ಮುಚ್ಚಿದ್ರೇ ಒಳ್ಳೇದು, ಇಳಿದವರು ಹತ್ತೋವಾಗ ಅಳ್ತಾರೆ. ಮೇಲಿಂದಾನೇ ಚೆನ್ನಾಗಿ ಕಾಣುತ್ತೆ. ಒಂದರಿಂದ ಇನ್ನೊಂದಕ್ಕೆ ಗಾಡೀಲಿ ಸುತ್ಕೊಂಡೇ ಹೋಗ್ಬೇಕು, ಎದುರುಗಡೆ ಇದೆ ಅನ್ಕೋಬೇಡಿ. ದೊಡ್ಡವರು ಬರ್ತಿದ್ರೆ ಮಧ್ಯರಂಗನ ದರ್ಶನ ಮಾಡ್ಸಿ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಇಲ್ಲಿ ಮಧ್ಯರಂಗ, ಶ್ರೀರಂಗದಲ್ಲಿ ಅಂತ್ಯರಂಗ. ಇಷ್ಟು ದೂರ ಬಂದು ಸೆಲ್ಫಿ ತೆಕ್ಕೊಂಡು ವಾಪಸ್ ಹೋಗೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮಳವಳ್ಳಿ ಹೈದ: ಅಕ್ಕೋ, ಗಗನಚುಕ್ಕಿ ಸದ್ದು ನಿಮ್ ಭರಚುಕ್ಕಿಗೆ ಐತಾ? ಅದಿರ್ಲಿ, ಕೆಆರ್‌ಎಸ್ ತುಂಬಿದ್ರೇನೆ ನೀರು ಅಂತ ಯಾರ್ ಹೇಳ್ಕೊಟ್ಟವ್ರೆ ಇವ್ರಿಗೆ? ಮೊದ್ಲು ತುಂಬೋದು ಕಬಿನಿ. ಆ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರ್ಕಂಡು ಇಲ್ಲಿಗೆ ಬತ್ತದೆ. ಕಬಿನಿ ಗೇಟ್ ತೆಗುದ್ರು ಅಂತ ಪೇಪರಲ್ಲಿ ಬಂದ ವಾರದಲ್ಲಿ ಬನ್ನಿ, ಜನ ಇರಲ್ಲ, ಕೆಆರ್‌ಎಸ್ 124.80 ಅಡಿ ಮುಟ್ಟಿ ಬಾಗಿನ ಬಿಟ್ಟ ಮೇಲೆ ಬೆಂಗಳೂರೇ ಬಂದು ಬೀಳ್ತದೆ. ಬಂದೋರು ನೋಡ್ಕಂಡು ಹೋಗ್ಲಿ, ಡೈಪರ್ ಬಿಸಾಕ್ಬುಟ್ಟು ಹೋಯ್ತಾರೆ ಕನ್ರೀ! ನಮ್ ಹೊಲದ ಬೇಲಿ ಮೇಲೆ ಹೋದ್ ಸೀಸನ್ನಲ್ಲಿ ನಾನೇ ಗೋಣಿಚೀಲ ತುಂಬ ಆಯ್ದಿವ್ನಿ. ಚಿಪ್ಸ್ ಕೊಟ್ಟು ಕೊಟ್ಟು ಕೋತಿ ಕೆಡ್ಸಿರೋರೂ ನೀವೇ, ಆಮೇಲೆ ಕ್ಯಾರಿಯರ್ ಹೋಯ್ತು ಅಂತ ಅಳೋರೂ ನೀವೇ.

ಚಿಂಟು ಮಮ್ಮಿ: ನೋಡಿ ಸಾರ್, ನಾವು ಕೋತಿಗೆ ಏನೂ ಕೊಟ್ಟಿಲ್ಲ, ಡೈಪರ್ ಕವರಲ್ಲಿ ಕಟ್ಟಿ ಬೆಂಗಳೂರಿಗೇ ವಾಪಸ್ ತಂದಿದ್ದೀವಿ, ಆ ವಾಸನೇಲಿ ನೂರಾಮೂವತ್ತು ಕಿಲೋಮೀಟರ್ ಬಂದಿದ್ದೀವಿ. ಎಲ್ಲಾರನ್ನೂ ಒಂದೇ ತಕ್ಕಡೀಲಿ ಹಾಕ್ಬೇಡಿ.

ಆಕ್ಟಿವಾ ಅಣ್ಣ: ಇಷ್ಟೆಲ್ಲಾ ಖರ್ಚು ಯಾಕೆ? ನಾನು ನಮ್ಮಾಕೆ, ಮಧ್ಯದಲ್ಲಿ ಮೂರು ವರ್ಷದ ಮಗ, ಸ್ಕೂಟರಲ್ಲೇ ಹೋಗಿಬಂದ್ವಿ. ಪೆಟ್ರೋಲ್ 620, ತಿಂಡಿ 140, ಜೋಳ 60, ಎಳನೀರು ಎರಡು. ಒಟ್ಟು ಸಾವಿರ ದಾಟ್ಲಿಲ್ಲ. ಜಾಮಲ್ಲಿ ಸಂದೀಲಿ ನುಗ್ಗಿ ಮುಂದೆ ಹೋದ್ವಿ. ವಾಪಸ್ ಬರೋವಾಗ ಹಲಗೂರು ಹತ್ರ ಮಳೆ ಹಿಡೀತು, ಅಂಗಡಿ ಸೂರಡಿ ನಿಂತ್ವಿ. ಮಗ ಇನ್ನೂ ಅದೇ ಮಾತಾಡ್ತಾನೆ, ಫಾಲ್ಸ್ ಅಲ್ಲ, ಆ ಅಂಗಡೀಲಿದ್ದ ನಾಯಿಮರಿ ಬಗ್ಗೆ.

ಡಾಕ್ಟರಮ್ಮ ಜಯನಗರ: ಹೋಗಿಬರೋದು ಸೇರಿ 260 ಕಿಲೋಮೀಟರ್, ಮೂರು ವರ್ಷದ ಮಗುವನ್ನ ಸ್ಕೂಟರಲ್ಲಿ! ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ಟು, ಬೆಲ್ಟು, ಸ್ಪೀಡ್ ನಲವತ್ತು ದಾಟಬಾರದು ಅಂತ 2022ರಲ್ಲೇ ರೂಲ್ ಬಂದಿದೆ. ನಲವತ್ತರಲ್ಲಿ ಹೋದ್ರಾ ನೀವು? ಇದನ್ನ ಹೆಮ್ಮೆಯಿಂದ ಬೇರೆ ಹೇಳ್ಕೋತೀರಲ್ಲ.

ಆಕ್ಟಿವಾ ಅಣ್ಣ: ಕಾರಿರೋರು ರೂಲ್ಸ್ ಮಾತಾಡೋದು ಸುಲಭ ಅಮ್ಮಾ. ಮಗೂಗೆ 900 ಕೊಟ್ಟು ಹೆಲ್ಮೆಟ್ ತಂದಿದ್ದೀನಿ, ಬಿಲ್ ತೋರಿಸ್ಲಾ?

ಡಾಕ್ಟರಮ್ಮ ಜಯನಗರ: ಬಿಲ್ ಬೇಡ, ಬೆಲ್ಟ್ ಇತ್ತಾ ಅಂತ ಕೇಳಿದ್ದು.

ಕೊಕ್ಕರೆ ಪ್ರೇಮಿ: ಜನರಿದ್ದ ಕಡೆಗೇ ಯಾಕೆ ನುಗ್ತೀರೋ. ನಾವು ಫೆಬ್ರವರೀಲಿ ರಂಗನತಿಟ್ಟಿಗೆ ಹೋಗಿದ್ವಿ, ಬಣ್ಣದ ಕೊಕ್ಕರೆ ಗೂಡು ತುಂಬ ಮರಿ, ಬಂಡೆ ಮೇಲೆ ಮೊಸಳೆ ಬಾಯಿ ಬಿಟ್ಕೊಂಡು ಬಿದ್ದಿತ್ತು, ನನ್ನ ಮಗಳು ದೋಣೀಲಿ ಉಸಿರು ಬಿಡ್ಲಿಲ್ಲ. ವಾಪಸ್ ಬರ್ತಾ ಮದ್ದೂರು ಹತ್ರ ಕೊಕ್ಕರೆ ಬೆಳ್ಳೂರು, ಅಲ್ಲಿ ಊರೊಳಗೆ ಮನೆ ಮುಂದಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ. ಕತ್ತೆತ್ತಿದ್ರೆ ಸಾಕು, ಟಿಕೆಟ್ಟೂ ಇಲ್ಲ. ಹಿಕ್ಕೆ ಬೀಳುತ್ತೆ, ಟೋಪಿ ಹಾಕಿ. ಈಗ ನೀರು ಬಿಟ್ಟಾಗ ರಂಗನತಿಟ್ಟಿಗೆ ಹೋಗ್ಬೇಡಿ, ಹೊಳೆ ಏರಿದ್ರೆ ದೋಣಿ ನಿಲ್ಲಿಸ್ತಾರೆ, ನಮ್ಮ ಷಡ್ಡಕ ಜುಲೈನಲ್ಲಿ ಹೋಗಿ ಗೇಟ್ ನೋಡ್ಕೊಂಡು ಬಂದ.

ಪುಟ್ಟಿ ಅಪ್ಪ: ಸರ್, ಈಗ ಆಗಸ್ಟ್.

ಕೊಕ್ಕರೆ ಪ್ರೇಮಿ: ಹೌದು, ಅದಕ್ಕೇ ಹೇಳ್ತಿರೋದು, ಫೆಬ್ರವರಿವರೆಗೆ ಕಾಯಿರಿ.

ಕೊಳ್ಳೇಗಾಲ ಅಕ್ಕ: ಕಾಯೋದ್ಯಾಕೆ, ಫೆಬ್ರವರೀಲಿ ಇಲ್ಲಿ ಬರೀ ಬಂಡೆ ಕಾಣುತ್ತೆ. ಸ್ಟ್ರೋಲರ್ ಬೇಡಪ್ಪ, ಚಿಕ್ಕವನನ್ನ ಸೊಂಟದ ಮೇಲೆ ಕೂರಿಸ್ಕೊಳ್ಳಿ, ನಮ್ಮ ಕಾಲದಲ್ಲಿ ಸ್ಟ್ರೋಲರ್ ಇತ್ತಾ? ಬಟ್ಟೆ ಕಾರಲ್ಲೇ ಬದಲಾಯಿಸಿ.

ಮಂಡ್ಯ ಅಳಿಯ: ಮುಖ್ಯವಾದ್ದು ರೂಟು. ಮದ್ದೂರು ಮೇಲೇ ಹೋಗಿ, ಬೇರೆಯವರ ಮಾತು ಕೇಳ್ಬೇಡಿ.

ಕನಕಪುರ ರೋಡ್ ರಾಜ: ಬನಶಂಕರಿಯಿಂದ ಮೈಸೂರು ರೋಡಿಗೆ ಸೇರೋಷ್ಟರಲ್ಲಿ ನಾನು ಕಗ್ಗಲೀಪುರ ದಾಟಿರ್ತೀನಿ ಸ್ವಾಮಿ. ನಂಬಿಕೆ ಇಲ್ದಿದ್ರೆ ಈ ಭಾನುವಾರ ಆರು ಗಂಟೆಗೆ ದೇವಸ್ಥಾನದ ಮುಂದೆ ಬನ್ನಿ, ನೀವು ನಿಮ್ಮ ದಾರೀಲಿ ನಾನು ನನ್ನ ದಾರೀಲಿ, ಮಳವಳ್ಳಿ ಯಾರು ಮೊದ್ಲು ಮುಟ್ತಾರೆ ನೋಡೇಬಿಡೋಣ.

ಮಳವಳ್ಳಿ ಹೈದ: ಬನ್ನಿ ಬನ್ನಿ, ಇಬ್ರೂ ಸೇರ್ಕಂಡು ಇನ್ನೆರಡು ಕಾರು ಜಾಮ್ ಮಾಡಿ.

ಮಂಡ್ಯ ಅಳಿಯ: ನಾನು ರೆಡಿ. ಸೋತೋರು ಡೀಸೆಲ್ ದುಡ್ಡು ಕೊಡ್ಬೇಕು, ಟೋಲ್ ಸೇರಿಸಿ.

ಕನಕಪುರ ರೋಡ್ ರಾಜ: ಟೋಲ್ ರೋಡ್ ಆರಿಸ್ಕೊಂಡಿದ್ದು ನೀವು, ಅದು ನಾನ್ಯಾಕೆ ಕೊಡ್ಲಿ?